ಆಯಸ್ಸು ವಂಶದಿಂದ ಬರುತ್ತದೆಯೇ?



ಕಾಪು ಕಡೆಯ ಒಂದು ಸಂಘದ ಸಭೆಗೆ ನಾವು ಹೋಗಿದ್ದಾಗ ಬಿಪಿ ತಪಾಸಣೆಯ ವಿಷಯ ಬಂತು. "ನನಗೆ ಅದೆಲ್ಲ ಬೇಡ ಅಕ್ಕ. ನಮ್ಮ ಅಜ್ಜಿ 94 ವರ್ಷ ಬದುಕಿದವರು, ಒಂದು ಮಾತ್ರೆ ನುಂಗಿದವರಲ್ಲ" ಎಂದರು ಒಬ್ಬ ಸದಸ್ಯೆ. ಪಕ್ಕದಲ್ಲಿ ಕುಳಿತವರು ಮೆಲ್ಲಗೆ, "ನನಗೂ ಬೇಡ. ನಮ್ಮ ಮನೆಯಲ್ಲಿ 55 ದಾಟಿದವರೇ ಇಲ್ಲ. ಅಪ್ಪ, ಚಿಕ್ಕಪ್ಪ, ಅಣ್ಣ ಎಲ್ಲ ಹಾರ್ಟಿನ ತೊಂದರೆಯಲ್ಲೇ ಹೋದರು. ನೋಡಿಸಿ ಏನು ಪ್ರಯೋಜನ?" ಎಂದರು. ಒಬ್ಬರಿಗೆ ಧೈರ್ಯ, ಇನ್ನೊಬ್ಬರಿಗೆ ಹೆದರಿಕೆ. ಆದರೆ ಇಬ್ಬರ ನಂಬಿಕೆಯೂ ಒಂದೇ: ಆಯಸ್ಸು ಹುಟ್ಟುವಾಗಲೇ ನಿಶ್ಚಯವಾಗಿದೆ ಅಂತ.

ಇದರಲ್ಲಿ ಸ್ವಲ್ಪ ಸತ್ಯ ಉಂಟು. ನಮ್ಮ ಶರೀರದ ಕಣಕಣದಲ್ಲೂ ವಂಶವಾಹಿಗಳಿವೆ, ಡಾಕ್ಟರುಗಳು ಜೀನ್ ಎನ್ನುತ್ತಾರೆ. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದದ್ದು. ಎಲ್ಲರಲ್ಲಿಯೂ ಹೆಚ್ಚುಕಡಿಮೆ ಒಂದೇ ಬರಹ, ಅಲ್ಲಲ್ಲಿ ಅಕ್ಷರ ವ್ಯತ್ಯಾಸ. ಎಪಿಒಇ ಎಂಬ ಒಂದು ವಂಶವಾಹಿಯನ್ನೇ ನೋಡಿ. ಅದರ ಒಂದು ರೂಪ ಇದ್ದವರಿಗೆ ಮುಪ್ಪಿನಲ್ಲಿ ಮರೆವಿನ ಕಾಯಿಲೆ ಬರುವ ಸಂಭವ ಹೆಚ್ಚು. ಇನ್ನೊಂದು ರೂಪ ಹೆಚ್ಚು ಕಾಲ ಬದುಕಿದವರಲ್ಲಿ ಜಾಸ್ತಿ ಕಾಣುತ್ತದೆ. ಆದರೆ ನೂರು ವರ್ಷ ಬದುಕಿಸುವ ಒಂದೇ ವಂಶವಾಹಿ ಅಂತ ಯಾವುದೂ ಇಲ್ಲ.

ಹಾಗಾದರೆ ವಂಶದ ಪಾಲು ಎಷ್ಟು? ಶಂಕರಪುರ, ಶಿರ್ವದ ಕಡೆಯ ಸದಸ್ಯೆಯರಿಗೆ ಇದನ್ನು ಹೇಳುವುದು ಸುಲಭ. ಒಂದೇ ಮಲ್ಲಿಗೆ ಗಿಡದ ಗೆಲ್ಲನ್ನು ಎರಡು ಮನೆಯಲ್ಲಿ ನೆಟ್ಟರೆ ವಂಶ ಒಂದೇ. ಆದರೂ ನೀರು, ಗೊಬ್ಬರ, ಬಿಸಿಲು ಸಿಕ್ಕಿದ ಗಿಡದಲ್ಲಿ ಅಟ್ಟೆಗಟ್ಟಲೆ ಹೂವು, ಇನ್ನೊಂದರಲ್ಲಿ ಮುಡಿಯಲಿಕ್ಕೂ ಸಾಲದು. ಮನುಷ್ಯರಲ್ಲಿ ಒಂದೇ ಗಿಡದ ಗೆಲ್ಲುಗಳೆಂದರೆ ತದ್ರೂಪಿ ಅವಳಿಗಳು. ಡೆನ್ಮಾರ್ಕ್ ದೇಶದಲ್ಲಿ 1870ರಿಂದ 1900ರವರೆಗೆ ಹುಟ್ಟಿದ 2,872 ಜೋಡಿ ಅವಳಿಗಳ (ತದ್ರೂಪಿಗಳು, ಬೇರೆ ಅವಳಿಗಳು ಎರಡೂ ಸೇರಿ) ಆಯಸ್ಸನ್ನು ಹೋಲಿಸಿ ನೋಡಿ, ವಂಶದ ಪಾಲು ಸುಮಾರು ಕಾಲು ಭಾಗ ಎಂದು 1996ರಲ್ಲಿ ತಿಳಿಸಿದರು. ಈಚಿನ ಲೆಕ್ಕಗಳಲ್ಲಿ ಕೆಲವು ಶೇಕಡಾ 10ಕ್ಕಿಂತ ಕಡಿಮೆ ಎನ್ನುತ್ತವೆ. ಅಪಘಾತ, ಸೋಂಕುರೋಗದ ಸಾವುಗಳನ್ನು ಬಿಟ್ಟರೆ ಅರ್ಧದಷ್ಟು ಎನ್ನುವುದೂ ಉಂಟು. ಪೂರ್ತಿ ವಂಶದ್ದೇ ಎಂದು ಯಾವ ಲೆಕ್ಕವೂ ಹೇಳುವುದಿಲ್ಲ. ನಮ್ಮ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 95 ವರ್ಷ ಬದುಕಿ 1997ರಲ್ಲಿ ಮಣಿಪಾಲದಲ್ಲಿ ತೀರಿಕೊಂಡರು. ಅದು ವಂಶವೋ, ಅವರ ಜೀವನಕ್ರಮವೋ ಎಂದು ಒಬ್ಬರನ್ನೇ ನೋಡಿ ಹೇಳಲಿಕ್ಕಾಗದು.

ಇನ್ನು ಎರಡನೆಯ ಸದಸ್ಯೆಯ ಮಾತು. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು 2009ರಲ್ಲಿ ಒಂದು ವಿಷಯ ಪ್ರಕಟಿಸಿದರು. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಒಂದು ವಂಶವಾಹಿಯಲ್ಲಿ 25 ಅಕ್ಷರ ಬಿಟ್ಟುಹೋಗಿರುವುದು ಭಾರತ ಮತ್ತು ನೆರೆಯ ದೇಶಗಳಲ್ಲಿ 100ಕ್ಕೆ ಸುಮಾರು 4 ಜನರಲ್ಲಿ ಉಂಟು. 20 ಜನರ ಐದು ಸಂಘ ಸೇರಿದರೆ ಅಲ್ಲಿ ನಾಲ್ಕು ಮಂದಿ ಇರಬಹುದು. ಪ್ರಾಯದಲ್ಲಿ ಏನೂ ಗೊತ್ತಾಗುವುದಿಲ್ಲ. ನಡುವಯಸ್ಸು ದಾಟುವಾಗ ಕೆಲವರಿಗೆ ಹೃದಯದ ಸ್ನಾಯು ಸೋಲುತ್ತದೆ, ಮೆಟ್ಟಿಲು ಹತ್ತುವಾಗ ಏದುಸಿರು, ಕಾಲು ಬಾವು. ಇಷ್ಟು ಕೆಟ್ಟದ್ದು ಯಾಕೆ ಅಳಿದುಹೋಗಲಿಲ್ಲ ಎಂದು ಕೇಳಬಹುದು. ಕಾಯಿಲೆ ತಲೆ ಎತ್ತುವಷ್ಟರಲ್ಲಿ ಮಕ್ಕಳು ಹುಟ್ಟಿ ಬೆಳೆದಾಗಿರುತ್ತದೆ. ಬಾಲ್ಯದಲ್ಲೇ ಕೊಲ್ಲುವ ದೋಷ ಮುಂದಿನ ಪೀಳಿಗೆಗೆ ಹೋಗುವುದು ಕಷ್ಟ, ತಡವಾಗಿ ಬರುವಂಥದ್ದು ಸದ್ದಿಲ್ಲದೆ ದಾಟುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. ಮುಪ್ಪಿನ ಎಷ್ಟೋ ಕಾಯಿಲೆಗಳು ವಂಶದಲ್ಲಿ ಉಳಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಇದು ಇದ್ದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ. ದುಬಾರಿ ಜೀನ್ ಟೆಸ್ಟಿಗೆ ಸಂಘದ ಸಾಲ ತೆಗೆಯಬೇಡಿ. ಡಾಕ್ಟರು ಹೇಳಿದರೆ ಮಾತ್ರ ಅದು. ಅದಕ್ಕಿಂತ ಮೊದಲು ಒಂದು ಹಾಳೆಯಲ್ಲಿ ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಒಡಹುಟ್ಟಿದವರು ಯಾವ ಪ್ರಾಯದಲ್ಲಿ, ಯಾವ ಕಾಯಿಲೆಯಿಂದ ಹೋದರು ಎಂದು ಬರೆಯಿರಿ. ನಮ್ಮ ಜಿಲ್ಲೆಯ ಅಳಿಯಕಟ್ಟಿನ ಮನೆಗಳಲ್ಲಿ ಕುಟುಂಬ ಅಂದರೆ ತಾಯಿಯ ಕಡೆಯವರು. ವಂಶವಾಹಿಗೆ ಆ ಕಟ್ಟು ಗೊತ್ತಿಲ್ಲ, ಆದ್ದರಿಂದ ಅಪ್ಪನ ಕಡೆಯದ್ದೂ ಬರೆಯಿರಿ. ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ, ತಾಯಿಗೆ ಅಥವಾ ಅಕ್ಕತಂಗಿಯರಿಗೆ 65ರ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿ. ಬೇಕೆಂದು ಕಂಡರೆ ಅವರು ಎಕೋ ಬರೆದುಕೊಡುತ್ತಾರೆ. ಹೃದಯ ಸೋಲುವುದು ಬೇಗ ತಿಳಿದರೆ ಅದಕ್ಕೆ ಒಳ್ಳೆಯ ಮಾತ್ರೆಗಳಿವೆ. ಬಿಪಿ, ಸಕ್ಕರೆ ಕಾಯಿಲೆಯ ತಪಾಸಣೆ 30 ದಾಟಿದ ಎಲ್ಲರಿಗೂ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

ಆ ದಿನ ಸಭೆ ಮುಗಿದ ಮೇಲೆ ಇಬ್ಬರೂ ಕೈ ಚಾಚಿದರು. 94ರ ಅಜ್ಜಿಯ ಮೊಮ್ಮಗಳಿಗೆ ಬಿಪಿ 160/100 ಇತ್ತು. ಇನ್ನೊಬ್ಬರದ್ದು ಸರಿಯಿತ್ತು, ಆದರೂ ಅವರು ಡಾಕ್ಟರಲ್ಲಿಗೆ ಹೋಗಲು ಒಪ್ಪಿದ್ದಾರೆ. ಕಾರ್ಕಳದಲ್ಲಿರುವ ತಮ್ಮನನ್ನೂ ಕರೆದುಕೊಂಡು ಹೋಗುತ್ತಾರಂತೆ.