ಬಿಟ್ಟೂ ಬಿಡದ ಗರಿಗಳು

ಒಂದೇ ಪಕ್ಕದ ರೆಕ್ಕೆಯಿಂದ ಉದುರಿದ ಎರಡು ಪಾರಿವಾಳದ ಗರಿಗಳನ್ನು, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಇಟ್ಟು ಮೆಲ್ಲಗೆ ಅಗಲಿಸಿದೆ. ಸ್ವಲ್ಪ ದೂರ ನುಣ್ಣಗೆ ಜಾರಿದವು. ಆಮೇಲೆ ಥಟ್ಟನೆ ನಿಂತವು. ಬೆರಳಿಗೆ ಸ್ಪಷ್ಟವಾಗಿ ತಿಳಿಯುವಷ್ಟು ಬಿಗಿಯಾಗಿ ಕಚ್ಚಿಕೊಂಡಿದ್ದವು. ಇನ್ನೂ ಎಳೆದಾಗ ‘ಚರ್’ ಎಂದು ಬಿಟ್ಟವು. ಮತ್ತೆ ಒಳಕ್ಕೆ ತಳ್ಳಿದರೆ ಯಾವ ತಡೆಯೂ ಇಲ್ಲ.

ದಂಡಿಗನಹಳ್ಳಿಯ ಹೆಂಚಿನ ಮನೆಯೊಂದರ ಜಗಲಿಯಲ್ಲಿ ಇದನ್ನೇ ಮತ್ತೆ ಮತ್ತೆ ಮಾಡುತ್ತ ಕೂತಿದ್ದೆ. ಪಾರಿವಾಳ ಸಾಕಿರುವ ಹಿರಿಯರು ನೋಡಿ ನಕ್ಕರು. “ಪುಕ್ಕದಾಗೆ ಅಂಥಾದ್ದೇನೈತೆ ಸಾ? ಇನ್ನೂ ಒಂದು ಚೀಲ ಐತೆ, ತಗಂಡೋಗಿ” ಎಂದರು.

ನಾನು ಅಲ್ಲಿಗೆ ಹೋದದ್ದು ಗರಿಗಾಗಿ ಅಲ್ಲ, ಹಾರಾಟ ನೋಡಲು. ಗೂಡಿನ ಬಾಗಿಲು ತೆಗೆದೊಡನೆ ಹಿಂಡು ತೆಂಗಿನ ತಲೆಗಳ ಮೇಲಕ್ಕೆ ಎದ್ದಿತು. ಮೇಲೆ ಹದ್ದೊಂದು ಸುತ್ತುತ್ತಿತ್ತು. ಅದು ಸ್ವಲ್ಪ ಕೆಳಗಿಳಿದದ್ದೇ ತಡ, ಪಾರಿವಾಳಗಳು ರೆಕ್ಕೆಯನ್ನು ಅರ್ಧಕ್ಕೆ ಮಡಚಿ ಓರೆಯಾಗಿ ಧುಮುಕಿದವು. ಮಾಡಿನ ಹತ್ತಿರ ಬಂದಾಗ ಅದೇ ರೆಕ್ಕೆ ಪೂರ್ತಿ ಹರಡಿತು, ಬಾಲ ಅಗಲವಾಯಿತು, ರೆಕ್ಕೆಯ ಮುಂದಂಚಿನ ಪುಟ್ಟ ಹೆಬ್ಬೆರಳ ಗರಿ ಮೇಲೆದ್ದಿತು. ಆ ಗರಿ ಮಾಡುವ ಕೆಲಸವನ್ನೇ ವಿಮಾನ ಇಳಿಯುವಾಗ ರೆಕ್ಕೆಯ ಮುಂದಂಚಿನಲ್ಲಿ ಹೊರಚಾಚುವ ಸ್ಲ್ಯಾಟ್ ಮಾಡುತ್ತದೆ. ಆದರೆ ವಿಮಾನದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಬಿಡಿಭಾಗ ಬೇಕು. ಹಕ್ಕಿಗೆ ಇಡೀ ರೆಕ್ಕೆಯೇ ಸಾಕು.

ಇದನ್ನು ಮನುಷ್ಯ ಮೊದಲೇ ಗಮನಿಸಿದ್ದ. ರೈಟ್ ಸಹೋದರರ 1903ರ ವಿಮಾನದ ರೆಕ್ಕೆಯಲ್ಲಿ ಇಂದಿನಂತೆ ಕೀಲಿನ ಮೇಲೆ ತಿರುಗುವ ಪಟ್ಟಿಗಳಿರಲಿಲ್ಲ. ತಂತಿ ಎಳೆದು ರೆಕ್ಕೆಯನ್ನೇ ತಿರುಚುತ್ತಿದ್ದರು. ವೇಗ ಹೆಚ್ಚಿ, ಬಟ್ಟೆಯ ಜಾಗಕ್ಕೆ ಲೋಹ ಬಂದಂತೆ ರೆಕ್ಕೆ ಗಟ್ಟಿಯಾಯಿತು. ಆಮೇಲಿನ ದೊಡ್ಡ ಪ್ರಯತ್ನವೆಂದರೆ ರೆಕ್ಕೆಯನ್ನು ಬುಡದಲ್ಲೇ ಹಿಂದಕ್ಕೆ ಮಡಚುವ ಯುದ್ಧವಿಮಾನಗಳು. ನಮ್ಮ ವಾಯುಪಡೆಯಲ್ಲಿ 2019ರ ಡಿಸೆಂಬರ್‌ವರೆಗೆ ಹಾರಿದ ಮಿಗ್-27 ತನ್ನ ರೆಕ್ಕೆಯನ್ನು 16 ಡಿಗ್ರಿಯಿಂದ 72 ಡಿಗ್ರಿವರೆಗೆ ಹಿಂದಕ್ಕೆ ಸರಿಸಬಲ್ಲದಾಗಿತ್ತು. ಅದ್ಭುತ ಯಂತ್ರವೇ. ಆದರೆ ಆ ಒಂದು ತಿರುಗಣಿ ಹೊರಬೇಕಾದ ಭಾರ ವಿಪರೀತ. ಅದು ಹಕ್ಕಿಯಿಂದ ಆಕಾರವನ್ನು ಪಡೆಯಿತು, ಉಪಾಯವನ್ನು ಪಡೆಯಲಿಲ್ಲ ಎಂಬುದು ನನ್ನ ಅಭಿಪ್ರಾಯ.

ರೆಕ್ಕೆಯನ್ನು ಅಲುಗಾಡಿಸುವುದು ಎಂಜಿನಿಯರುಗಳಿಗೆ ಎಂದೂ ಅಷ್ಟು ಕಷ್ಟವಾಗಿಲ್ಲ. ಅಲುಗಾಡಿದ ಮೇಲೂ ಅದರ ಮೈ ಸಂದಿಲ್ಲದೆ ಉಳಿಯಬೇಕಲ್ಲ, ಕಷ್ಟವಿರುವುದು ಅಲ್ಲಿ. ಹಿಗ್ಗುವ ಹೊದಿಕೆ ಹಾಕಿದರೆ ಗಾಳಿಯ ಒತ್ತಡಕ್ಕೆ ಉಬ್ಬುತ್ತದೆ. ಉಬ್ಬದಷ್ಟು ಗಟ್ಟಿ ಮಾಡಿದರೆ ಹಿಗ್ಗುವುದಿಲ್ಲ. ಎರಡೂ ಒಟ್ಟಿಗೆ ಬೇಕು. ಜಗಲಿಯ ಮೇಲಿದ್ದ ಆ ಎರಡು ಗರಿಗಳಲ್ಲಿ ಎರಡೂ ಇದ್ದವು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ಲೆಂಟಿಂಕ್ ತಂಡ 2020ರಲ್ಲಿ ಇದರ ಗುಟ್ಟನ್ನು ಪ್ರಕಟಿಸಿತು. ಕೆಳಗಿರುವ ಗರಿಯ ಮೈಯಲ್ಲಿ ಸಾವಿರಾರು ಸೂಕ್ಷ್ಮ ಎಳೆಗಳಿವೆ. ಮೇಲೆ ಹೊದ್ದಿರುವ ಗರಿಯ ಏಣುಗಳಿಗೆ ಕೊಕ್ಕೆಯ ಆಕಾರವಿದೆ. ರೆಕ್ಕೆ ಹರಡುತ್ತ ಹೋದಂತೆ ಎಳೆಗಳು ಕೊಕ್ಕೆಗಳಿಗೆ ಸಿಕ್ಕಿಕೊಳ್ಳುತ್ತವೆ, ಗರಿಗಳ ನಡುವೆ ಸಂದು ಬೀಳುವುದಿಲ್ಲ. ಮಡಚುವಾಗ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಶಾಲೆ ಚೀಲದ ವೆಲ್ಕ್ರೋ ಪಟ್ಟಿಯ ಹಾಗೆ ಎನ್ನಬಹುದು, ಆದರೆ ಇದು ಒಂದೇ ದಿಕ್ಕಿಗೆ ಕಚ್ಚುವಂಥದ್ದು. ಇದಕ್ಕೆ ಸ್ನಾಯು ಬೇಕಿಲ್ಲ, ಮಿದುಳಿನ ಅಪ್ಪಣೆಯೂ ಬೇಕಿಲ್ಲ.

ಇದೇ ತಂಡ 40 ನಿಜವಾದ ಪಾರಿವಾಳದ ಗರಿಗಳನ್ನು ಜೋಡಿಸಿ ‘ಪಿಜನ್‌ಬಾಟ್’ ಎಂಬ ಹಾರುವ ರೋಬಾಟ್ ಕಟ್ಟಿತು. ಅದರ ರೆಕ್ಕೆಗಳ ಮಣಿಕಟ್ಟು ಮತ್ತು ಬೆರಳನ್ನು ಮೋಟಾರುಗಳು ಅಲುಗಾಡಿಸಿದರೆ ಸಾಕು, ಗರಿಗಳೆಲ್ಲ ಅವುಗಳ ಹಿಂದೆಯೇ ಹೊಂದಿಕೊಳ್ಳುತ್ತವೆ. ಬರೀ ಬೆರಳಿನ ಕೋನ ಬದಲಿಸಿ ಅದನ್ನು ತಿರುಗಿಸಲೂ ಸಾಧ್ಯವಾಯಿತು.

ಈ ಸಂಶೋಧನೆಯಲ್ಲಿ ನನ್ನನ್ನು ಬಿಡದೆ ಹಿಡಿದಿರುವುದು ಗೂಬೆ. ಕಣಜ ಗೂಬೆಯ ಗರಿಗಳಲ್ಲಿ ಈ ಕೊಕ್ಕೆ ವ್ಯವಸ್ಥೆಯೇ ಇಲ್ಲ. ಇದ್ದಿದ್ದರೆ ಗರಿಗಳು ಎಳೆತಕ್ಕೆ ಕಚ್ಚು ಬಿಟ್ಟಾಗಲೆಲ್ಲ ನಾನು ಜಗಲಿಯಲ್ಲಿ ಕೇಳಿದ ಆ ‘ಚರ್’ ಸದ್ದು ಬರುತ್ತಿತ್ತು. ಕತ್ತಲಲ್ಲಿ ಇಲಿಯ ಓಡಾಟವನ್ನು ಕಿವಿಯಿಂದಲೇ ಗುರುತಿಸುವ ಬೇಟೆಗಾರನಿಗೆ ಅಷ್ಟು ಸದ್ದೂ ದುಬಾರಿ. ಇದನ್ನು ಹಿರಿಯರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಹದ್ದು ಎರಗಿದ್ರೆ ಗಾಳಿ ಸೀಳೋದು ಕೇಳ್ತದೆ. ಗೂಬೆ ಕಣದಾಗಿಂದ ಇಲಿ ಎತ್ಕಂಡು ತಲೆ ಮ್ಯಾಲೇ ಹೋದ್ರೂ ಗೊತ್ತಾಗಾಕಿಲ್ಲ” ಎಂದರು. ಅವರು ಪ್ರತಿ ಸುಗ್ಗಿಯಲ್ಲೂ ಕಂಡದ್ದಕ್ಕೆ ಸೂಕ್ಷ್ಮದರ್ಶಕ ಕಾರಣ ಕೊಟ್ಟಿತ್ತು, ಅಷ್ಟೇ. ಗದ್ದಲವಿಲ್ಲದ ವಿಮಾನ ಬೇಕೆನ್ನುವವರು ಗೂಬೆಯನ್ನೂ, ಬಿರುಗಾಳಿಗೆ ಜಗ್ಗದ ರೆಕ್ಕೆ ಬೇಕೆನ್ನುವವರು ಪಾರಿವಾಳವನ್ನೂ ನೋಡಬೇಕು. ಎರಡನ್ನೂ ಒಂದೇ ಗರಿಯಿಂದ ಕೇಳುವಂತಿಲ್ಲ.

ಪ್ರಯಾಣಿಕ ವಿಮಾನ ನಾಳೆಯೇ ಗರಿ ಬಿಚ್ಚುತ್ತದೆಂದು ನಾನು ನಂಬುವುದಿಲ್ಲ. ನಾಸಾ 2014ರಲ್ಲಿ ಗಲ್ಫ್‌ಸ್ಟ್ರೀಮ್ ಜೆಟ್ ಒಂದಕ್ಕೆ ಸಂದಿಲ್ಲದೆ ಬಾಗುವ ಹಿಂದಂಚನ್ನು ಹಾಕಿ ಹಾರಿಸಿತು. ಮಿಷಿಗನ್‌ನ ಪ್ರಾಧ್ಯಾಪಕ ಶ್ರೀಧರ್ ಕೋಟ ಅವರ ಕಂಪನಿ ಮಾಡಿದ ಆ ಅಂಚು ಮೈನಸ್ 2 ಡಿಗ್ರಿಯಿಂದ 30 ಡಿಗ್ರಿವರೆಗಿನ ಕೋನಗಳಲ್ಲಿ ಪರೀಕ್ಷೆಗೊಳಗಾಯಿತು. ಒಳ್ಳೆಯ ಹೆಜ್ಜೆ, ಆದರೂ ಬಾಗಿದ್ದು ಅಂಚು ಮಾತ್ರ. ನೂರಾರು ಜನರ ಜೀವ ಹೊರುವ ರೆಕ್ಕೆಯ ಪ್ರತಿಯೊಂದು ಕೀಲೂ ದಶಕಗಳ ಕಾಲ ಸವೆಯದೆ ಬಾಳುತ್ತದೆಂದು ಸಾಬೀತು ಮಾಡಬೇಕು. ಅವಸರ ಸಲ್ಲದು.

ನನ್ನ ಆಸೆಯೆಲ್ಲ ಸಣ್ಣ ಡ್ರೋನ್‌ಗಳ ಮೇಲೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎನ್‌ಎಎಲ್, ಪುಟ್ಟ ಹಾರುಯಂತ್ರಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸುಮಾರು 300 ಮಿಲಿಮೀಟರ್ ಅಗಲದ ಒಂದು ವಿಮಾನ ಮಾಡಿತು. ಅದರ ಹೆಸರು ‘ಬ್ಲ್ಯಾಕ್ ಕೈಟ್’, ಅಂದರೆ ನಮ್ಮ ಹದ್ದು. ಹೆಸರು ಹದ್ದಿನದಾದರೂ ರೆಕ್ಕೆ ಅಲುಗದ ರೆಕ್ಕೆ. ಬಿಸಿ ತಾಗಿದರೆ ಹಳೆಯ ಆಕಾರಕ್ಕೆ ಮರಳುವ ನಿಕ್ಕಲ್-ಟೈಟಾನಿಯಂ ಮಿಶ್ರಲೋಹದ ಮೇಲೂ ಅದೇ ಸಂಸ್ಥೆಯಲ್ಲಿ ಕೆಲಸ ನಡೆದಿದೆ. ಎರಡೂ ಕೂಡಿಬಂದರೆ ಎಂದು ಮನಸ್ಸು ಹಂಬಲಿಸುತ್ತದೆ.

ಹೊರಡುವಾಗ ಹಿರಿಯರು ಒಂದು ಪಾರಿವಾಳವನ್ನು ಹಿಡಿದು ರೆಕ್ಕೆ ಬಿಡಿಸಿ ತೋರಿಸಿದರು. ನಡುವೆ ಒಂದು ಗರಿ ಉದುರಿತ್ತು, ಆ ಜಾಗದಲ್ಲಿ ಹೊಸ ಗರಿ ಅರ್ಧ ಬೆಳೆದಿತ್ತು. “ಈ ಪಕ್ಕ ಯಾವ್ದು ಉದುರ್ತದೋ ಆ ಪಕ್ಕಾನೂ ಅದೇ ಉದುರ್ತದೆ ಸಾ. ಹಾರಾಟ ನಿಲ್ಲಾಕಿಲ್ಲ.” ನಿಜ, ಪಾರಿವಾಳ ದೊಡ್ಡ ಗರಿಗಳನ್ನು ಒಳಗಿನಿಂದ ಹೊರಕ್ಕೆ ಸರದಿಯಂತೆ ಒಂದೊಂದಾಗಿ ಬದಲಿಸುತ್ತದೆ. ಗರಿಯಂಥ ಬಿಡಿ ಪಟ್ಟಿಗಳಿಂದ ಡ್ರೋನಿನ ರೆಕ್ಕೆ ಕಟ್ಟಿದರೆ, ಮರಕ್ಕೆ ತಗುಲಿ ಮುರಿದದ್ದನ್ನಷ್ಟೇ ಕಿತ್ತು ಹೊಸದು ಸಿಕ್ಕಿಸಿ ಅಲ್ಲೇ ಹೊಲದ ಬದುವಿನಿಂದ ಮತ್ತೆ ಹಾರಿಸಬಹುದು.