ನೊಣಂಬವಾಡಿಯ ಹೆಸರು ಹೊತ್ತ ಹೊನ್ನು

ಹೊಯ್ಸಳ ವಿಷ್ಣುವರ್ಧನನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಹೊರಡಿಸಿದ ಚಿನ್ನದ ನಾಣ್ಯಗಳ ಪೈಕಿ ಒಂದು ಬಗೆಯವು, ಇಂದಿನ ದಾವಣಗೆರೆ, ಹರಿಹರ, ಚಿತ್ರದುರ್ಗಗಳ ಸೀಮೆಯ ಇತಿಹಾಸದಲ್ಲಿ ಆಸಕ್ತಿಯುಳ್ಳವರೆಲ್ಲರೂ ಗಮನಿಸಬೇಕಾದಂಥವು. ಮುಂಬದಿಯಲ್ಲಿ ಸಿಂಹದ ಆಕೃತಿಯಿರುವ ಈ ನಾಣ್ಯದ ಹಿಂಬದಿಯಲ್ಲಿ ‘ಶ್ರೀ ನೊಣಂಬವಾಡಿಗೊಂಡ’, ಅಂದರೆ ನೊಣಂಬವಾಡಿಯನ್ನು ಗೆದ್ದುಕೊಂಡವನು, ಎಂಬ ಬಿರುದು ಕನ್ನಡ ಅಕ್ಷರಗಳಲ್ಲಿ ಮೂರು ಸಾಲಾಗಿ ಮೂಡಿದೆ. ನೊಳಂಬ ಅರಸರಿಂದ ಹೆಸರು ಪಡೆದ ಆ ನಾಡನ್ನು ಅಂದು ಆಳುತ್ತಿದ್ದವರು ದಾವಣಗೆರೆಗೆ ಸಮೀಪದ ಉಚ್ಚಂಗಿದುರ್ಗದ ಪಾಂಡ್ಯರು. ಅವರ ಮೇಲಿನ ಜಯವನ್ನು ಶಾಸನಗಳಲ್ಲಿ ಹೊಗಳಿಸಿಕೊಂಡಷ್ಟಕ್ಕೇ ತೃಪ್ತನಾಗದ ವಿಷ್ಣುವರ್ಧನನು, ಕೈಯಿಂದ ಕೈಗೆ ಸಾಗುವ ಹೊನ್ನಿನ ಮೇಲೂ ಅದನ್ನು ಸಾರಿದನು.

ನಾಣ್ಯ ತಯಾರಾಗುತ್ತಿದ್ದ ಟಂಕಸಾಲೆಗೆ ಹಳಗನ್ನಡದಲ್ಲಿ ಕಮ್ಮಟವೆಂದು ಹೆಸರು. ತೂಕಕ್ಕೆ ಸರಿಯಾಗಿ ಸಿದ್ಧಪಡಿಸಿದ ಲೋಹದ ಬಿಲ್ಲೆಯನ್ನು, ಅಕ್ಷರ ಮತ್ತು ಚಿತ್ರಗಳನ್ನು ಹಿಂದುಮುಂದಾಗಿ ಕೊರೆದ ಎರಡು ಅಚ್ಚುಗಳ ನಡುವೆ ಇರಿಸಿ, ಮೇಲಿನ ಅಚ್ಚಿನ ತಲೆಗೆ ಸುತ್ತಿಗೆಯಿಂದ ಬಲವಾಗಿ ಹೊಡೆದಾಗ ಎರಡೂ ಮುಖಗಳು ಒಟ್ಟಿಗೇ ಮೂಡುತ್ತಿದ್ದವು. ಬಿಲ್ಲೆ ಕೊಂಚ ಸರಿದರೂ, ಅಚ್ಚಿಗಿಂತ ಚಿಕ್ಕದಾಗಿದ್ದರೂ ಅಂಚಿನ ಅಕ್ಷರಗಳು ನಾಣ್ಯದಿಂದ ಆಚೆಗೆ ಉಳಿಯುತ್ತಿದ್ದುದರಿಂದ, ಒಂದೇ ಅಚ್ಚಿನ ಎರಡು ನಾಣ್ಯಗಳು ಕೂಡ ತದ್ರೂಪವಾಗಿರುವುದಿಲ್ಲ. ಸುಮಾರು 4 ಗ್ರಾಂ ತೂಗುವ ಈ ಚಿನ್ನದ ನಾಣ್ಯವೇ ಗದ್ಯಾಣ. ಅದರ ಹತ್ತನೆಯ ಒಂದು ಪಾಲಿನಷ್ಟು ಚಿಕ್ಕದಾದುದು ಹಣ.

ಅದೇ ದಶಕಗಳಲ್ಲಿ ಇಂಗ್ಲೆಂಡಿನಲ್ಲಿ ಆಳುತ್ತಿದ್ದ ಒಂದನೆಯ ಹೆನ್ರಿಯ ಪೆನ್ನಿ ಎಂಬ ಬೆಳ್ಳಿ ನಾಣ್ಯವೂ ಹೀಗೆಯೇ ಸುತ್ತಿಗೆಯ ಏಟಿನಿಂದ ಹುಟ್ಟುತ್ತಿತ್ತಾದರೂ, ಅದರ ಮೇಲಿನ ಬರಹದ ಉದ್ದೇಶ ಬೇರೆಯದಾಗಿತ್ತು. ಒಂದು ಬದಿಯಲ್ಲಿ ಅರಸನ ಮುಖ ಮತ್ತು ಹೆಸರು, ಇನ್ನೊಂದು ಬದಿಯಲ್ಲಿ ನಾಣ್ಯ ಹೊಡೆದವನ ಹಾಗೂ ಅವನ ಊರಿನ ಹೆಸರು ಇರುತ್ತಿದ್ದುದರಿಂದ, ಬೆಳ್ಳಿಯಲ್ಲಿ ಕಲಬೆರಕೆ ಕಂಡುಬಂದರೆ ಹೊಣೆಗಾರನು ಯಾರೆಂಬುದು ಗೊತ್ತಾಗುತ್ತಿತ್ತು. 1124ರ ಕೊನೆಯಲ್ಲಿ ಹೆನ್ರಿಯ ಅಪ್ಪಣೆಯಂತೆ ಟಂಕಸಾಲೆಯವರನೇಕರ ಬಲಗೈಯನ್ನೇ ಕತ್ತರಿಸಲಾಯಿತು. ಹೊಯ್ಸಳರ ಹೊನ್ನಿನಲ್ಲಿ ಅರಸನ ಮುಖವಿಲ್ಲ, ಕಮ್ಮಟಕಾರನ ಹೆಸರಿಲ್ಲ. ಅರಸನ ಗುರುತು ಅವನು ಗೆದ್ದ ನಾಡಿನ ಹೆಸರಿನಲ್ಲಿಯೇ ಇದೆ. ಒಂದು ಪ್ರದೇಶದ ಹೆಸರನ್ನು ಅದರ ಜನರ ನುಡಿಯಲ್ಲಿಯೇ ಚಿನ್ನದ ಮೇಲೆ ಮೂಡಿಸಿದ ಈ ಪದ್ಧತಿಯು ಕನ್ನಡ ಲಿಪಿಯ ಇತಿಹಾಸದಲ್ಲಿಯೂ ಹೆಮ್ಮೆಪಡತಕ್ಕ ಸಂಗತಿಯಾಗಿದೆ.

1224ರಲ್ಲಿ ದಂಡನಾಯಕ ಪೋಲಾಳ್ವನು ಹರಿಹರೇಶ್ವರ ದೇವಾಲಯವನ್ನು ಕಟ್ಟಿಸುವ ವೇಳೆಗೆ ಹೊಯ್ಸಳರ ಆಳ್ವಿಕೆ ತುಂಗಭದ್ರೆಯ ದಡದಲ್ಲಿ ನೆಲೆಯೂರಿತ್ತು. ಆ ಕಾಲದ ನಾಣ್ಯಗಳು ಹೊಲ ಉಳುವಾಗಲೋ ಪಾಯ ತೋಡುವಾಗಲೋ ಸಿಕ್ಕರೆ, 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅಕ್ಕಸಾಲಿಗನ ಮೂಸೆಯಲ್ಲಿ ಕರಗಿದ ಗದ್ಯಾಣದಿಂದ ಉಳಿಯುವುದು 4 ಗ್ರಾಂ ಲೋಹ ಮಾತ್ರ.