ಕಬ್ಬಿಣದ ಅಂಗಿ, ತೊಗಲಿನ ಹೊಲಿಗೆ

ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿ, 1970ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ನರ ವಸತಿಯೊಂದಿದೆ. ಕೊಳ್ಳೇಗಾಲ, ಯಳಂದೂರುಗಳ ವಿದ್ಯಾರ್ಥಿಗಳಿಗೆ ಅದು ದೂರದ ಸ್ಥಳವಲ್ಲ. ಟಿಬೆಟನ್ನರ ಮಠಗಳ ಬಾಗಿಲೆಡೆಯಲ್ಲಿ, ನಾಲ್ಕು ದಿಕ್ಕುಗಳನ್ನು ಕಾಯುವ ರಾಜರನ್ನು ಕವಚಧಾರಿಗಳಾಗಿ ಚಿತ್ರಿಸುವ ವಾಡಿಕೆಯುಂಟು.

ಕವಚವು ಆ ಜನರಿಗೆ ಬರಿಯ ಚಿತ್ರದ ವಸ್ತುವಾಗಿರಲಿಲ್ಲ. 7ರಿಂದ 9ನೆಯ ಶತಮಾನದವರೆಗೆ ಟಿಬೆಟು ಮಹಾ ಸಾಮ್ರಾಜ್ಯವಾಗಿದ್ದಿತು. 763ರಲ್ಲಿ ಅದರ ಸೈನ್ಯವು ಚೀನದ ರಾಜಧಾನಿ ಚಾಂಗಾನನ್ನೇ ಕೆಲವು ದಿನ ಹಿಡಿದಿದ್ದಿತು. ಟಿಬೆಟಿನ ಯೋಧರೂ ಕುದುರೆಗಳೂ ಕಣ್ಣುಗಳ ಹೊರತು ಮೈಯೆಲ್ಲ ಕವಚದಿಂದ ಮುಚ್ಚಿಕೊಂಡಿರುತ್ತಿದ್ದರೆಂದು, 801ರಲ್ಲಿ ಮುಗಿದ ತನ್ನ ಗ್ರಂಥದಲ್ಲಿ ಚೀನದ ದು ಯೂ ಬರೆದಿದ್ದಾನೆ.

ಇಷ್ಟು ಕಬ್ಬಿಣವನ್ನು ಹೊತ್ತವನು ಬಾಗುವುದೆಂತು? ಟಿಬೆಟಿನಲ್ಲಿ ಉಳಿದುಬಂದ ಕವಚಗಳಲ್ಲಿ ಇದಕ್ಕೆ ಉತ್ತರವಿದೆ. ಬೆರಳಗಲದ ಸಣ್ಣ ತಗಡುಗಳಿಗೆ ತೂತು ಕೊರೆದು, ಒಂದರ ಅಂಚಿನ ಮೇಲೊಂದು ಬರುವಂತೆ ಮನೆಯ ಹೆಂಚಿನ ಹಾಗೆ ಜೋಡಿಸಿ, ತೊಗಲಿನ ಬಾರುಗಳಿಂದ ಹೆಣೆಯುತ್ತಿದ್ದರು. ಇದಕ್ಕೆ ಒಳಗೆ ಬಟ್ಟೆಯ ಆಧಾರ ಬೇಕಿಲ್ಲ. ಅಂಚುಗಳು ಕೂಡುವೆಡೆ ಬಾಣಕ್ಕೆ ಎರಡು ಪದರ ಎದುರಾಗುತ್ತದೆ. ಪೆಟ್ಟು ನೆರೆಯ ತಗಡುಗಳಿಗೂ ಹಂಚಿಹೋಗುತ್ತದೆ. ಬಾರು ಬಾಗುವುದರಿಂದ ಮೈಯೂ ಬಾಗುತ್ತದೆ. ಒಂದು ತಗಡು ಮುರಿದರೆ ಅದನ್ನಷ್ಟೇ ಬದಲಾಯಿಸಿದರಾಯಿತು. ಶಿರಸ್ತ್ರಾಣಗಳಲ್ಲಿಯೂ ಇದೇ ಉಪಾಯ: ಎಂಟು ತಗಡುಗಳ ಮಾದರಿಯಲ್ಲಿ ನಾಲ್ಕು ಒಳಗೆ, ನಾಲ್ಕು ಅವುಗಳ ಸಂದುಗಳ ಮೇಲೆ.

ಇಂಥ ಎಷ್ಟೋ ಕವಚಗಳು ಕಾವಲು ದೇವತೆಗಳ ಗುಡಿಗಳಿಗೆ ಕಾಣಿಕೆಯಾಗಿ ಸಂದು, ಟಿಬೆಟಿನ ಒಣಹವೆಯಲ್ಲಿ ಉಳಿದುಕೊಂಡವು. ಆದರೆ ಅವುಗಳ ವಯಸ್ಸೆಷ್ಟು? ಒಂದೇ ಮಾದರಿಯು ನೂರಾರು ವರ್ಷ ನಡೆದುಬಂದುದರಿಂದ ಆಕಾರವನ್ನು ನೋಡಿ ಹೇಳುವುದು ಕಷ್ಟ. ಇಲ್ಲಿ ತೊಗಲೇ ಸಾಕ್ಷಿ. ಪ್ರಾಣಿಯು ಬದುಕಿರುವಾಗ ಅದರ ದೇಹದಲ್ಲಿ ವಿಕಿರಣಶೀಲವಾದ ಇಂಗಾಲ-14 ಸೇರುತ್ತಿರುತ್ತದೆ. ಸತ್ತ ಮೇಲೆ ಅದು ಕುಗ್ಗುತ್ತ 5,730 ವರ್ಷಗಳಲ್ಲಿ ಅರ್ಧವಾಗುತ್ತದೆ. 1,200 ವರ್ಷ ಹಳೆಯ ಬಾರಿನಲ್ಲಿ ನೂರಕ್ಕೆ ಸುಮಾರು 86 ಪಾಲು ಉಳಿದಿರಬೇಕು. ಅದನ್ನು ಅಳೆದರೆ ಕಾಲ ತಿಳಿಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಯಾರಾದರೂ ಮುಂದೆ ಹೊಸ ಬಾರು ಪೋಣಿಸಿದ್ದರೆ ನಮಗೆ ದೊರೆಯುವುದು ದುರಸ್ತಿಯ ಕಾಲವೇ ಹೊರತು ಕಬ್ಬಿಣದ ಕಾಲವಲ್ಲ.

ನಮ್ಮೂರಿನ ಮನೆ, ಗುಡಿಗಳಲ್ಲಿಯೂ ತೊಗಲು ಸುತ್ತಿದ ಹಳೆಯ ಕತ್ತಿಯೊಂದು ಇದ್ದೀತು. ತುಕ್ಕನ್ನು ಉಜ್ಜಿ, ಹರಿದ ತೊಗಲನ್ನು ಕಿತ್ತೆಸೆದು ಅದನ್ನು ಹೊಳೆಯಿಸಲು ನಮಗೆ ಮನಸ್ಸಾಗಬಹುದು. ಆ ತೊಗಲಿನ ಚೂರನ್ನು ಬಿಸುಟರೆ, ವಸ್ತು ನಮ್ಮ ಕೈಯಲ್ಲಿ ಉಳಿದರೂ ಅದರ ಕಾಲವು ಕೈತಪ್ಪಿಹೋದೀತು.